ಗಂಗಕ್ಕ ಸಿಕ್ಕಿಸಿದ ವೈರು

ಗಂಡನನ್ನು ಏಕವಚನದಲ್ಲಿ ಕರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ನಮ್ಮವ್ವ ಕರೆದವಳಲ್ಲ, ನಮ್ಮತ್ತೆ ಕರೆದವರಲ್ಲ, ನಾನೂ ಮದುವೆಯಾದಾಗಿನಿಂದ ‘ಅವರು’ ಅಂತಲೇ ಅಂದವಳು. ಆದರೆ ಈ ಸಂಗತಿ ಹೇಳುವಾಗ ಮಾತ್ರ ‘ಅವನು’ ಅನ್ನುತ್ತೇನೆ. ಹೆತ್ತ ತಾಯಿಯನ್ನು ಕೆಲಸದವಳು ಅಂದ ಗಂಡಸಿಗೆ ಬಹುವಚನ ಕೊಡಲು ನನ್ನ ನಾಲಿಗೆ ಹೊರಳುವುದಿಲ್ಲ. ಬೈದುಕೊಳ್ಳುವವರು ಬೈದುಕೊಳ್ಳಲಿ, ನನಗೇನು.

ನಮ್ಮದು ಚಿತ್ರದುರ್ಗದಲ್ಲಿ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ. ಹೊಳಲ್ಕೆರೆ ರಸ್ತೆಯಲ್ಲಿ ಒಂದು ಟಯರ್ ಅಂಗಡಿಯ ಮೇಲೆ ಆಫೀಸು. ನನ್ನ ಗಂಡ ಬೀರೇಶ ಬೆಂಗಳೂರಿನಲ್ಲಿ ರೂಟರು, ಸ್ವಿಚ್ಚುಗಳ ಕೆಲಸ ಕಲಿತು ಬಂದು, ಇಲ್ಲಿ ಕೇಬಲ್ ಟೀವಿ ನಡೆಸುತ್ತಿದ್ದ ಪ್ರಸನ್ನಕುಮಾರ್ ಜೊತೆ ಸೇರಿ ಶುರು ಮಾಡಿದ್ದು. ಕಂಬ, ಕೇಬಲ್ಲು, ಜೀಪು ಪ್ರಸನ್ನಕುಮಾರ್ ಅವರವು. ತಲೆ ಬೀರೇಶನದು. ನನ್ನದು ಫೋನು. ನೆಟ್ ಬರುತ್ತಿಲ್ಲ ಅಂತ ಗಿರಾಕಿಗಳು ಬೈಯುವುದನ್ನು ಕೇಳಿಸಿಕೊಳ್ಳುವುದು, ಅತಿಯಾದರೆ ತಿರುಗಿ ಬೈಯುವುದು. ಆ ವಿಷಯದಲ್ಲಿ ನನಗೆ ಊರಲ್ಲೇ ಹೆಸರಿದೆ.

ಎರಡು ಸಾವಿರದ ಏಳರ ತನಕ ನಮ್ಮ ನೆಟ್ಟು ಅಂದರೆ ದೇವರಿಗೇ ಪ್ರೀತಿ. ದುರ್ಗದ ಕಾಲೇಜಿನಿಂದ ದಾವಣಗೆರೆಗೆ ಒಂದು ಮೇಲ್ ಹೋಗಬೇಕಾದರೂ ಅದು ದೊಡ್ಡ ಕಂಪನಿಯ ಲೈನು ಹಿಡಿದು ಮುಂಬೈ ಸುತ್ತಿಕೊಂಡು ಬರುತ್ತಿತ್ತು. ಭೀಮಸಮುದ್ರದ ಅಡಿಕೆ ಮಂಡಿಯವರು ರೇಟು ನೋಡಲು ಕೂತರೆ ಪುಟ ತೆರೆಯುವಷ್ಟರಲ್ಲಿ ಟೀ ಆರುತ್ತಿತ್ತು. ಇದಕ್ಕೆ ಮದ್ದು ಬೆಂಗಳೂರಿನ ಎಕ್ಸ್‌ಚೇಂಜು. ಎಕ್ಸ್‌ಚೇಂಜು ಅಂದರೆ ಒಂಥರಾ ಸಂತೆ. ಇಂಟರ್ನೆಟ್ ಕೊಡುವ ಕಂಪನಿಗಳೆಲ್ಲ ಒಂದೇ ಜಾಗಕ್ಕೆ ತಮ್ಮ ತಮ್ಮ ಲೈನು ತಂದು ಸೇರಿಸುತ್ತಾರೆ, ನಡುವೆ ದಲ್ಲಾಳಿಯಿಲ್ಲದೆ ನೇರ ಕೊಟ್ಟು ತಗೊಳ್ಳುತ್ತಾರೆ. ಆದರೆ ಅಲ್ಲಿ ಒಬ್ಬ ಎಡವಟ್ಟು ಮಾಡಿದರೆ ಎಲ್ಲರಿಗೂ ತಟ್ಟುತ್ತದೆ. ಅದಕ್ಕೇ ಹೊಸಬರನ್ನು ಅವರು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ನಮಗೆ ದೀಪಾವಳಿಯ ತನಕ ಪರೀಕ್ಷೆ ಅಂತ ಒಂದು ಪೋರ್ಟು, ಅಂದರೆ ನಮ್ಮ ಲೈನು ಒಳಗೆ ಸೇರುವ ಬಾಗಿಲು, ಕೊಟ್ಟಿದ್ದರು. ನೆಟ್ಟಗೆ ನಡೆದುಕೊಂಡರೆ ಕಾಯಂ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಪ್ರಸನ್ನಕುಮಾರ್ ಅಂತೂ ಖಡಾಖಂಡಿತವಾಗಿ ಹೇಳಿದ್ದರು: “ನೋಡು ಬೀರೇಶ್, ಇದು ಆಗ್ಲಿಲ್ಲ ಅಂದ್ರೆ ನಾನು ಕೇಬಲ್ಲೆಲ್ಲ ದಾವಣಗೆರೆ ಪಾರ್ಟಿಗೆ ಕೊಟ್ಟು ಕೈ ತೊಳ್ಕಂತೀನಿ.”

ಬೀರೇಶ ರೂಟರಿನ ಮುಂದೆ ತಪಸ್ಸಿಗೆ ಕೂತ ಹಾಗೆ ಕೂತ. ರೂಟರು ಅಂದರೆ ಯಾವ ಮೇಲ್, ಯಾವ ಪುಟ ಯಾವ ದಾರಿ ಹಿಡಿಯಬೇಕು ಅಂತ ಹೇಳುವ ಮಿಷನ್ನು. ಅದು ನಮ್ಮ ಇಂಟರ್ನೆಟ್ ವಿಳಾಸಗಳನ್ನು ಮಾತ್ರ ನಮ್ಮದು ಅಂತ ಹೇಳಬೇಕು, ಬೇರೆಯವರದನ್ನು ಹೇಳಬಾರದು. ಆ ಕಡೆಯ ಪ್ರತಿಯೊಬ್ಬರ ಜೊತೆಗೂ ಬೇರೆ ಬೇರೆ ಪಾಸ್‌ವರ್ಡು. ಯಾರಾದರೂ ಸುಳ್ಳು ದಾರಿ ತೋರಿಸಿದರೆ ಒಪ್ಪಿಕೊಳ್ಳಬಾರದು. ಊಟ ಮಾಡುವಾಗಲೂ ಅದೇ ಮಾತು. ಆದರೆ ಬೆಂಗಳೂರಿನ ಲೈನು ನೇರ ರೂಟರಿಗೆ ಬರುತ್ತಿರಲಿಲ್ಲ, ಮೊದಲು ಸ್ವಿಚ್ಚಿಗೆ ಬಂದು ಅಲ್ಲಿಂದ ರೂಟರಿಗೆ ಹೋಗುತ್ತಿತ್ತು. ಸ್ವಿಚ್ಚು ಅಂದರೆ ಸಾಲಾಗಿ ತೂತುಗಳಿರುವ ಡಬ್ಬಿ, ವೈರುಗಳು ಬಂದು ಸೇರುವ ಜಾಗ. ಖಾಲಿ ತೂತುಗಳನ್ನು ಸೆಟ್ಟಿಂಗಿನಲ್ಲಿ ಮುಚ್ಚಬೇಕು. ಒಂದೇ ವೈರಿನ ಎರಡೂ ತುದಿ ಒಂದೇ ಡಬ್ಬಿಗೆ ಬಿದ್ದರೆ ತಡೆಯುವ ಕಾವಲೂ ಅದರಲ್ಲೇ ಇರುತ್ತದೆ. ಆ ಕಾವಲು ಇದ್ದರೆ ಹೊಸ ವೈರು ಹಾಕಿದಾಗ ಸ್ವಲ್ಪ ಹೊತ್ತು ಕಾಯಬೇಕು. ನಮ್ಮ ಧಣಿಗೆ ಅಷ್ಟು ಪುರುಸೊತ್ತಿಲ್ಲ, ತೆಗೆದು ಹಾಕಿದ್ದ. ಖಾಲಿ ತೂತು ಮುಚ್ಚುವುದನ್ನು ಹಬ್ಬ ಆದ ಮೇಲೆ ನೋಡೋಣ ಅಂದಿದ್ದ.

ಹಬ್ಬ ಅಂದರೆ ಆಯುಧಪೂಜೆ. ಅದಕ್ಕೆ ಅತ್ತೆಯನ್ನು ಆಫೀಸಿಗೆ ಕರೆದದ್ದು ಯಾರು? ಅವನೇ. “ಅವ್ವ, ಮಿಷನ್ನಿಗೆ ನೀನೇ ಕುಂಕುಮ ಹಚ್ಚಬೇಕು. ನಿನ್ ಕೈಗುಣ ಒಳ್ಳೇದು” ಅಂತ ಮುದ್ದು ಮಾಡಿ ಕರೆದ.

ನಮ್ಮತ್ತೆ ಗಂಗಕ್ಕ ಬಬ್ಬೂರಿನವರು. ಕುರಿಯ ಹಿಂದೆಯೇ ಆಯುಸ್ಸು ಸವೆಸಿದವರು, ಮಾವ ಹೋದ ಮೇಲೆ ಕುರಿ ಮೈದುನನಿಗೆ ಒಪ್ಪಿಸಿ ನಮ್ಮ ಜೊತೆ ಬಂದಿದ್ದರು. ಆಫೀಸಿನ ಒಳಗೆ ಅವರು ಕಾಲಿಟ್ಟದ್ದು ಅವತ್ತೇ ಮೊದಲು. ಹಸಿರು ರೇಷ್ಮೆ ಸೀರೆ ಉಟ್ಟು, ಅಡಿಕೆಲೆ ಹಾಕಿಕೊಂಡು, ಮಗನ ಕುರ್ಚಿಯ ಬೆನ್ನನ್ನು ಒಂದು ಸಲ ಸವರಿ ನೋಡಿದರು. ರೂಟರಿಗೆ, ಸ್ವಿಚ್ಚಿಗೆ, ನನ್ನ ಫೋನಿಗೂ ಕುಂಕುಮ ಇಟ್ಟರು, ಚೆಂಡು ಹೂವು ಏರಿಸಿದರು. ಆಮೇಲೆ ಜೀಪಿನ ಪೂಜೆಗೆ, ಬೂದಗುಂಬಳ ಒಡೆಯಲು ನಾವೆಲ್ಲ ಕೆಳಗೆ ಬಂದೆವು. ಬಿದ್ದ ಹೂವು ಆಯ್ದು ಬರುತ್ತೇನೆ ಅಂತ ಅತ್ತೆ ಹಿಂದೆ ಉಳಿದರು.

ಸ್ವಿಚ್ಚಿನಿಂದ ಒಂದು ವೈರು ನೇತಾಡುತ್ತಿತ್ತು. ಬೀರೇಶ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಳ್ಳುತ್ತಿದ್ದ ವೈರು ಅದು, ಕಿತ್ತು ಹಾಗೇ ಬಿಟ್ಟಿದ್ದ. ಅತ್ತೆ ಅದನ್ನು ನೋಡಿದರು. ಪಕ್ಕದಲ್ಲಿ ಅದೇ ಅಳತೆಯ ಖಾಲಿ ತೂತನ್ನೂ ನೋಡಿದರು. ನೇತಾಡುತ್ತಿದ್ದ ತುದಿಯನ್ನು ಅಲ್ಲಿ ಸಿಕ್ಕಿಸಿ, ಗಟ್ಟಿಯಾಗಿ ಕೂತಿತಾ ಅಂತ ಎಳೆದು ನೋಡಿ, ಕೆಳಗೆ ಬಂದು ಎಲ್ಲರಿಗೂ ಮಂಡಕ್ಕಿ ಬತ್ತಾಸು ಹಂಚಿದರು.

ಒಂದೇ ವೈರು ಡಬ್ಬಿಯಿಂದ ಹೊರಟು ಅದೇ ಡಬ್ಬಿಗೆ ಬಂದು ಸೇರಿದರೆ ಏನಾಗುತ್ತದೆ? ಒಂದು ಕೂಗು ಒಳಗೇ ಸುತ್ತಿ ಸುತ್ತಿ ಸಾವಿರ ಕೂಗಾಗುತ್ತದೆ. ಆ ಗದ್ದಲವೆಲ್ಲ ಬೆಂಗಳೂರಿನ ಲೈನು ಹಿಡಿದು ಎಕ್ಸ್‌ಚೇಂಜಿಗೆ ನುಗ್ಗಿತು. ನಾವು ಮೇಲೆ ಬರುವಷ್ಟರಲ್ಲಿ ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಎಕ್ಸ್‌ಚೇಂಜಿನವರು ನಮ್ಮ ಪೋರ್ಟು ಮುಚ್ಚಿಬಿಟ್ಟಿದ್ದರು. ಅಷ್ಟೇ ಅಲ್ಲ, ಚಿತ್ರದುರ್ಗದ ಇಂಥ ಕಂಪನಿಯಿಂದ ಎಲ್ಲರಿಗೂ ತೊಂದರೆಯಾಯಿತು ಅಂತ ಅಲ್ಲಿನ ಸದಸ್ಯರಿಗೆಲ್ಲ ಮೇಲ್ ಹೋಗಿತ್ತು.

ಬೀರೇಶ ವೈರು ಹುಡುಕಿ ತೆಗೆದು, “ಇದನ್ನ ಯಾರು ಹಾಕಿದ್ದು?” ಅಂದ.

“ನಾನೇ ಕಣಪ್ಪ” ಅಂದರು ಅತ್ತೆ. “ಜೋತಾಡ್ತಾ ಇತ್ತು. ಕುರಿ ರೊಪ್ಪದಾಗೆ ಹಗ್ಗದ ತುದಿ ಬಿಟ್ರೆ ಮರಿ ಕುತ್ತಿಗೆಗೆ ಸುತ್ಕಂತೈತೆ. ನಿಮ್ಮಪ್ಪ ಕತ್ಲಾಗೂ ತಡವಿ ತಡವಿ ತುದಿ ಕಟ್ಟೋನು. ತೂತು ಖಾಲಿ ಐತಲ್ಲ ಅಂತ ಸಿಕ್ಕಿಸ್ದೆ. ಏನಾಯ್ತಪ್ಪ?”

ಅವನು ಬೈಯಲಿಲ್ಲ. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು! ಅಷ್ಟರಲ್ಲಿ ಫೋನು ಬಂತು. ಪ್ರಸನ್ನಕುಮಾರ್ ತಾವೂ ಕೇಳಬೇಕೆಂದು ಸ್ಪೀಕರ್ ಒತ್ತಿದರು. ಎಕ್ಸ್‌ಚೇಂಜಿನ ಎಂಜಿನಿಯರು. ಮೊದಲು ಇಂಗ್ಲಿಷಿನಲ್ಲಿ ಗದರಿ, ಆಮೇಲೆ ಕನ್ನಡಕ್ಕೆ ಇಳಿದು ಕೇಳಿದರು: “ಯಾರ್ರೀ ಅದು ವೈರ್ ಹಾಕಿದ್ದು? ನಿಮ್ ರೂಮಿಗೆ ಯಾರ್ ಯಾರು ಬರ್ತಾರೆ?”

ಬೀರೇಶ ಫೋನಿನ ಹತ್ತಿರ ಬಗ್ಗಿದ. “ಕೆಲಸದವಳು ಸಾರ್. ಕಸ ಗುಡಿಸೋಕೆ ಬರ್ತಾಳೆ. ಓದು ಬರಹ ಇಲ್ಲ. ಅವಳನ್ನ ಬಿಡಿಸಿಬಿಟ್ಟಿದ್ದೀವಿ ಸಾರ್.”

ಅತ್ತೆ ಅಲ್ಲೇ ನಿಂತಿದ್ದರು. ಬೆರಳಿನಲ್ಲಿ ಇನ್ನೂ ಕುಂಕುಮವಿತ್ತು. ಯಾರಪ್ಪ ಅದು ಕೆಲಸದವಳು ಅನ್ನುವಂತೆ ಒಂದು ಸಲ ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಬಿಟ್ಟು ಯಾರೂ ಇರಲಿಲ್ಲ. ಪ್ರಸನ್ನಕುಮಾರ್ ಕಿಟಕಿಯ ಕಡೆ ಮುಖ ಮಾಡಿದರು. ಊರಿಗೆಲ್ಲ ಬಾಯಿ ಮಾಡುವ ನಾನು ಕಂಬದ ಹಾಗೆ ನಿಂತಿದ್ದೆ.

ಮನೆಗೆ ಬಂದ ಮೇಲೆ ಬಾಯಿ ಬಂತು. ಅತ್ತೆ ಹಿತ್ತಲಲ್ಲಿದ್ದಾಗ ಅವನನ್ನು ಹಿಡಿದುಕೊಂಡೆ. “ನಾಚಿಕೆ ಆಗಲ್ವೇನ್ರಿ ನಿಮಗೆ? ನಮ್ಮವ್ವ ಅನ್ನೋಕೆ ಏನ್ ಧಾಡಿ?”

“ಏನಂತ ಹೇಳ್ಲಿ ಸುಮಾ? ನಮ್ಮವ್ವನ್ನ ಕರ್ಕೊಂಡ್ ಬಂದು ಪೂಜೆ ಮಾಡಿಸ್ದೆ, ಅವ್ವ ಎಕ್ಸ್‌ಚೇಂಜ್ ಕೆಡಿಸಿದ್ಳು ಅಂತಾನಾ? ಕುರಿ ಕಾಯೋರೆಲ್ಲ ಕಂಪನಿ ನಡೆಸ್ತಾರೆ ಅಂತ ನಗಲ್ವಾ? ಆ ಕ್ಷಣಕ್ಕೆ ಬಾಯಿಗೆ ಬಂತು, ಅಂದೆ. ಅವ್ವನಿಗೆ ಅದೆಲ್ಲ ತಲೆಗೆ ಹೋಗಲ್ಲ ಬಿಡು.”

“ಅವರು ಕನ್ನಡದಾಗೇ ಕೇಳಿದ್ದು, ನೀವು ಕನ್ನಡದಾಗೇ ಹೇಳಿದ್ದು. ತಲೆಗೆ ಹೋಗ್ದೆ ಇರೋಕೆ ಅತ್ತೆ ಕಿವುಡಾ?” ಅಂದೆ. ಎದ್ದು ಹೊರಗೆ ಹೋದ.

ಒಂದು ಸುಳ್ಳಿಗೆ ಅಷ್ಟಕ್ಕೇ ಬಿಡುಗಡೆ ಸಿಗಲಿಲ್ಲ. ಎಕ್ಸ್‌ಚೇಂಜಿನವರು ಪೋರ್ಟು ತೆರೆಯುವ ಮುಂಚೆ ಒಬ್ಬ ಎಂಜಿನಿಯರು ಬಂದು ನೋಡುತ್ತಾರೆ ಅಂದರು. ಜೊತೆಗೆ ಇನ್ನೊಂದು ಷರತ್ತು. ಆ ಹೆಂಗಸನ್ನು ಕರೆಸಿರಬೇಕು, ಯಾವ ವೈರನ್ನು ಎಲ್ಲಿ ಹಾಕಿದಳು ಅಂತ ಆಕೆಯಿಂದಲೇ ಕೇಳಬೇಕು. ಬೇರೆ ಏನನ್ನೋ ಮುಚ್ಚಿಟ್ಟು ಯಾರ ಮೇಲೋ ಹೇಳುತ್ತಿದ್ದೇವೆ ಅನ್ನುವ ಅನುಮಾನ ಅವರಿಗೆ. ಇಲ್ಲದ ಕೆಲಸದವಳನ್ನು ಬೀರೇಶ ಎಲ್ಲಿಂದ ತರಬೇಕು? ಟಯರ್ ಅಂಗಡಿಯಲ್ಲಿ ಕಸ ಹೊಡೆಯುವ ಚಂದ್ರಕ್ಕನಿಗೆ ಹೇಳಿಕೊಟ್ಟು ನಿಲ್ಲಿಸುವ ಲೆಕ್ಕ ಹಾಕಿದ. ಅಡುಗೆ ಮನೆಯಲ್ಲಿ ನನ್ನ ಹತ್ತಿರ ಪಿಸುಗುಡುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದರು.

“ಬ್ಯಾರೆಯೋರು ಯಾಕಪ್ಪ?” ಅಂದರು. “ಆ ಚಂದ್ರಕ್ಕಂಗೆ ಯಾವ ತೂತು ಅಂತ ಏನ್ ಗೊತ್ತು? ಸಿಕ್ಕಾಕ್ಕಂಡ್ರೆ ನಿನ್ ಲೈನು ಹೋಗ್ತೈತೆ. ಹಾಕಿದೋಳು ನಾನು, ನಾನೇ ಬರ್ತೀನಿ.”

ಆಗಲಾದರೂ ಬೇಡ ಅವ್ವ ಅನ್ನಬೇಕಲ್ಲ. ಹ್ಞೂಂ ಅಂತ ತಲೆಯಾಡಿಸಿದ.

ಎಂಜಿನಿಯರು ಬರುವ ದಿನ ಅತ್ತೆ ಮಾಸಿದ ನೂಲಿನ ಸೀರೆ ಉಟ್ಟು ಹೊರಟರು. ನಾನು ಹಸಿರು ರೇಷ್ಮೆ ತಂದು ಕೈಗಿಟ್ಟೆ. “ಕಸ ಗುಡಿಸೋಳು ಇಂಥಾದ್ದು ಉಡ್ತಾಳೇನೇ?” ಅಂತ ಪೆಟ್ಟಿಗೆಗೆ ವಾಪಸ್ಸು ಇಟ್ಟರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಂದ ಎಂಜಿನಿಯರ ಹೆಸರು ಎರ್ರಿಸ್ವಾಮಿ. ಫೋನಿನಲ್ಲಿ ಗದರಿದವರು ಅವರೇ. ಯಾರೋ ಕೋಟು ಬೂಟಿನ ದೊಡ್ಡ ಸಾಹೇಬರು ಅಂತ ಬೀರೇಶ ಹೊಸ ಅಂಗಿ ಹಾಕಿಕೊಂಡು ಬೆವರುತ್ತಿದ್ದ. ನೋಡಿದರೆ ಮೊಳಕಾಲ್ಮುರು ಕಡೆಯ ಕಪ್ಪನೆಯ ಮನುಷ್ಯ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, “ಏನ್ರಪ್ಪಾ, ಹಬ್ಬದ ದಿನ ನಮ್ಗೆಲ್ಲ ಒಳ್ಳೆ ಮಂಗಳಾರತಿ ಮಾಡಿದ್ರಲ್ಲ” ಅನ್ನುತ್ತಾ ಒಳಗೆ ಬಂದರು.

ಕೂತು ಒಂದೊಂದೇ ಸೆಟ್ಟಿಂಗು ನೋಡಿದರು. ಈ ಸಲ ಬೀರೇಶ ಎಲ್ಲ ಸರಿಮಾಡಿದ್ದ. ಖಾಲಿ ತೂತೆಲ್ಲ ಮುಚ್ಚಿದ್ದವು. ಸುತ್ತು ತಡೆಯುವ ಕಾವಲು ವಾಪಸ್ಸು ಬಂದಿತ್ತು. ಎಕ್ಸ್‌ಚೇಂಜಿನ ಲೈನಿಗೂ ಆಫೀಸಿನ ಕಂಪ್ಯೂಟರುಗಳಿಗೂ ಸಂಬಂಧವಿಲ್ಲದಂತೆ ಬೇರೆ ಮಾಡಿದ್ದ. ಆ ಲೈನಿನಲ್ಲಿ ನಮ್ಮ ರೂಟರು ಒಂದನ್ನು ಬಿಟ್ಟು ಬೇರೆ ಯಾವ ಮಿಷನ್ನು ಮಾತಾಡಿದರೂ ಬಾಗಿಲು ತಾನೇ ಹಾಕಿಕೊಳ್ಳುವಂತೆ ಇಟ್ಟಿದ್ದ. ಎರ್ರಿಸ್ವಾಮಿ ತಲೆಯಾಡಿಸಿದರು. “ಈಗ ಆ ಹೆಂಗಸನ್ನ ಕರೀರಿ.”

ಅತ್ತೆ ಬಾಗಿಲಿಗೆ ಬಂದು ನಿಂತರು. ತಲೆ ಮೇಲೆ ಸೆರಗು. ಮಗನ ಮುಖ ನೋಡಿ ಕೇಳಿದರು: “ಒಳಗ್ ಬರ್ಲಾ ಸಾರ್?”

ಅವರ ಬಾಯಲ್ಲಿ ಆ ಸಾರ್ ಕೇಳಿ ನನ್ನ ಮೈ ಮೇಲೆ ಕೆಂಡ ಸುರಿದಂತಾಯಿತು. ಬೀರೇಶ ಕಂಪ್ಯೂಟರಿನಿಂದ ಕಣ್ಣು ಕೀಳದೆ, “ಹ್ಞೂಂ, ಬಾಮ್ಮ” ಅಂದ.

“ಬರ್ರಿ ಅವ್ವ, ಬರ್ರಿ. ಇಲ್ಲಿ ಕುಂತ್ಕಳ್ರಿ” ಅಂತ ಎರ್ರಿಸ್ವಾಮಿ ಎದ್ದು ತಮ್ಮ ಪಕ್ಕದ ಕುರ್ಚಿ ಎಳೆದರು.

“ಸಾಹೇಬ್ರ ಮುಂದೆ ಹೆಂಗ್ ಕುಂತ್ಕಳ್ಳಾದು ಸಾಮಿ, ಬ್ಯಾಡ” ಅಂದು ಅತ್ತೆ ನಿಂತೇ ಇದ್ದರು. ತೂತು ತೋರಿಸಿ, ವೈರು ತೋರಿಸಿ, ರೊಪ್ಪದ ಹಗ್ಗದ ಕತೆಯನ್ನೂ ಹೇಳಿದರು. “ತಪ್ಪು ನಂದೇ ಸಾಮಿ. ಇವ್ರುದ್ದೇನೂ ಇಲ್ಲ. ಇವ್ರ ಲೈನು ಕೊಟ್ಬಿಡ್ರಿ.”

ಎರ್ರಿಸ್ವಾಮಿ ಗಹಗಹಿಸಿ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಯ್ಯೋ ಅವ್ವ! ನಮ್ದೂ ಕುರಿ ಮನೆತನಾನೇ. ನಮ್ಮವ್ವ ಇಲ್ಲಿ ಬಂದಿದ್ರೂ ಇದನ್ನೇ ಮಾಡೋಳು. ಬಾವಿ ಹಗ್ಗ ನೆಲದ ಮ್ಯಾಗೆ ಬಿದ್ದಿದ್ರೆ ನಂಗೆ ಎರಡು ಬಿಗಿಯೋಳು.” ಆಮೇಲೆ ಬೀರೇಶನ ಕಡೆ ತಿರುಗಿದರು. ನಗು ಇರಲಿಲ್ಲ. “ತಪ್ಪು ಇವರದ್ದಲ್ಲರೀ. ತೂತು ತೆರೆದಿಟ್ಟೋರು ನೀವು, ಕಾವಲು ತೆಗೆದೋರು ನೀವು. ಇವರನ್ನ ಬಿಡಿಸಿದೀವಿ ಅಂದಿದ್ರಲ್ಲ, ನಂಗೆ ಅವತ್ತೇ ಬೇಜಾರಾಯ್ತು. ಪಾಪ, ವಯಸ್ಸಾದೋರು. ಇವರನ್ನ ಕೆಲಸಕ್ಕೆ ವಾಪಸ್ಸು ತಗಳ್ರಿ, ಇನ್ನು ತೆಗೀಬ್ಯಾಡ್ರಿ. ನನ್ ಮಾತು ನಡೆಸಿಕೊಡ್ರಿ.”

“ಇಲ್ಲ ಸಾರ್, ತೆಗೆಯಲ್ಲ” ಅಂದ ಬೀರೇಶ.

ಹೇಳು, ಈಗ ಹೇಳು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರು ನಗುತ್ತಾರೆ ಅಂತ ಹೆದರಿದ್ದನೋ ಆ ಮನುಷ್ಯ ತಮ್ಮ ಅವ್ವನ ಮಾತನ್ನು ತಾವೇ ಎತ್ತಿ ಮುಂದಿಟ್ಟಿದ್ದಾರೆ. ಇನ್ನೇನು ಬೇಕು? ಸಾರ್, ಇವರು ನಮ್ಮವ್ವ ಅಂದರೆ ಅವರು ಎದ್ದು ಕಾಲಿಗೆ ಬೀಳುತ್ತಿದ್ದರೋ ಏನೋ. ಬೀರೇಶನ ತುಟಿ ಅಲುಗಿತು. ಅತ್ತೆಯೂ ಅವನ ಬಾಯಿಯನ್ನೇ ನೋಡುತ್ತಿದ್ದರು.

“ಹೋಗಮ್ಮ, ಸಾರ್‌ಗೆ ಟೀ ತಗೊಂಡ್ ಬಾ” ಅಂದ.

ಥೂ ನಿನ್ನ! ಅಂತ ಬಾಯಿ ತುದಿಗೆ ಬಂತು. ಪೋರ್ಟು ಇನ್ನೂ ತೆರೆದಿರಲಿಲ್ಲ, ನುಂಗಿಕೊಂಡೆ. ಮೆಟ್ಟಿಲ ಹತ್ತಿರ ಓಡಿಹೋಗಿ ಅತ್ತೆ ಹಿಡಿದಿದ್ದ ಟೀ ಫ್ಲಾಸ್ಕಿಗೆ ಕೈ ಹಾಕಿದೆ. ಅತ್ತೆ ಬಿಡಲಿಲ್ಲ. “ನೀನ್ ಒಳಗ್ ಹೋಗು. ಮೇಡಮ್ಮೋರು ಟೀ ತಂದ್ರೆ ಅವ್ರಿಗೆ ಅನುಮಾನ ಬರಲ್ವೇನೇ?” ಅಂದು ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಇಳಿದರು.

ಟೀ ಕುಡಿದು ಎರ್ರಿಸ್ವಾಮಿ ಬೆಂಗಳೂರಿಗೆ ಫೋನು ಮಾಡಿದರು. ಪೋರ್ಟಿನ ದೀಪ ಹಸಿರಾಯಿತು. ಪ್ರಸನ್ನಕುಮಾರ್ ಬೀರೇಶನ ಕೈ ಕುಲುಕಿದರು. ಹೋಗುವಾಗ ಎರ್ರಿಸ್ವಾಮಿ ಬಾಗಿಲ ಪಕ್ಕ ನಿಂತಿದ್ದ ಅತ್ತೆಯ ಕೈಗೆ, “ಅಡಿಕೆಲೆಗೆ ಇಟ್ಕಳ್ರಿ ಅವ್ವ” ಅಂತ ಒಂದು ನೋಟು ಇಟ್ಟರು. ಅತ್ತೆ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡರು. ನನ್ನ ಗಂಡ ಅದನ್ನು ನೋಡಿದ.

ಸಂಜೆ ಭೀಮಸಮುದ್ರದಿಂದಲೂ ಫೋನು ಬಂತು, ಏನ್ರಿ ಮೇಡಂ, ಇವತ್ತು ನೆಟ್ಟು ಕುದುರೆ ಆಗೈತಲ್ಲ ಅಂತ. ಹಿಂದೆಯಾಗಿದ್ದರೆ ಕುಣಿದಾಡುತ್ತಿದ್ದೆ. ಅವತ್ತು ಹ್ಞೂಂ ಅಂದು ಇಟ್ಟೆ.

ಮನೆಯಲ್ಲಿ ಅತ್ತೆ ಎಂದಿನಂತೆ ಮುದ್ದೆ ತಿರುವಿ, ಹುರುಳಿ ಸಾರು ಮಾಡಿ ಬಡಿಸಿದರು. ಬೀರೇಶ ಒಂದು ತುತ್ತು ಮುರಿದ, ಬಾಯಿಗೆ ಹೋಗಲಿಲ್ಲ. ತಟ್ಟೆಯ ಮುಂದೆಯೇ ಅಳಲು ಶುರು ಮಾಡಿದ. “ಅವ್ವ, ತಪ್ಪಾಯ್ತು. ನಂದು ತಪ್ಪಾಯ್ತವ್ವ.”

“ನಂಗ್ಯಾಕಪ್ಪ ಹೇಳ್ತೀಯ?” ಅಂದರು ಅತ್ತೆ. “ನಾನ್ ಯಾರು ಅಂತ ನಂಗ್ ಗೊತ್ತೈತೆ. ಗೊತ್ತಿಲ್ದೋರಿಗೆ ಹೇಳು.”

ಬೀರೇಶ ಎಡಗೈಯಲ್ಲಿ ಕಣ್ಣು ಒರೆಸಿಕೊಂಡು, ಜೇಬಿನಿಂದ ಮೊಬೈಲು ತೆಗೆದು ಎರ್ರಿಸ್ವಾಮಿಯವರ ನಂಬರು ಒತ್ತಿದ. ಅತ್ತೆ ಸಾರಿನ ಸೌಟು ಹಿಡಿದುಕೊಂಡೇ ಕೂತರು. ಚಿಕ್ಕ ಅಡುಗೆ ಮನೆ, ಆ ಕಡೆಯ ಮಾತು ನಮಗೂ ಕೇಳುತ್ತಿತ್ತು.

“ಏನ್ರಿ ಬೀರೇಶ್, ಲೈನ್ ಚೆನ್ನಾಗೈತಾ?”

“ಚೆನ್ನಾಗಿದೆ ಸಾರ್. ಅದು... ಒಂದ್ ವಿಷಯ ಹೇಳ್ಬೇಕಿತ್ತು ಸಾರ್.”

“ಹೇಳ್ರಿ.”

ಬೀರೇಶ ಅವ್ವನ ಮುಖ ನೋಡಿದ. “ಥ್ಯಾಂಕ್ಸ್ ಹೇಳೋಣ ಅಂತ ಮಾಡಿದೆ ಸಾರ್.”

“ಅದಕ್ಕೇನ್ ಬಿಡ್ರಿ. ಆ ಅವ್ವ ಹೆಂಗವ್ರೆ? ಪಾಪ, ಹೆದರಿಬಿಟ್ಟಿದ್ರು.”

“ಅವರು... ಅವರು ಮನೆಗೆ ಹೋದ್ರು ಸಾರ್.”

ಫೋನು ಕೆಳಗಿಟ್ಟ. ನನಗೆ ತಡೆಯಲಾಗಲಿಲ್ಲ. “ಕೊಡ್ರಿ ಇಲ್ಲಿ! ನಾನೇ ಹೇಳ್ತೀನಿ” ಅಂತ ಎದ್ದು ಮೊಬೈಲಿಗೆ ಕೈ ಹಾಕಿದೆ. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಆ ಕೈಯಲ್ಲಿ ಅಷ್ಟು ಬಲವಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

“ಬ್ಯಾಡ ಕಣೆ ಸುಮಾ” ಅಂದರು. “ನೀನ್ ಹೇಳಿದ್ರೆ ನಾನ್ ನಿನ್ನತ್ತೆ ಆಗ್ತೀನಿ, ಅಷ್ಟೆ. ಅವನವ್ವ ಆಗ್ಬೇಕಾದ್ರೆ ಅವನೇ ಹೇಳ್ಬೇಕು.”

ನನ್ನ ಕೈ ಬಿಟ್ಟು, ಆರಿದ ಸಾರನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿ ಅವನ ತಟ್ಟೆಗೆ ಮತ್ತೆ ಬಿಟ್ಟರು. ಅವನು ತಲೆ ಎತ್ತದೆ ಉಂಡ.